ಪ್ಯಾಂಟಿಲ್ಲದ ಐದು ಜೇಬು

ನಮ್ಮ ಮನೆಯ ಬೀರುವಿನಲ್ಲಿ ಜೀನ್ಸ್ ಬಟ್ಟೆಯದೊಂದು ಚೀಲವಿದೆ. ಚೀಲ ಎನ್ನುವುದಕ್ಕಿಂತ ಜೇಬುಗಳ ಸಾಲು ಎನ್ನಬೇಕು. ಒಂದರ ಕೆಳಗೊಂದರಂತೆ ಐದು ಜೇಬು; ಅವು ಕೂರಬೇಕಾದ ಪ್ಯಾಂಟು ಮಾತ್ರ ಇಲ್ಲ. ಇವತ್ತು ಬೆಳಿಗ್ಗೆ ಮಫ್ಲರ್ ಹುಡುಕುವಾಗ ಅದು ಕೈಗೆ ಬಂತು. ಬಳ್ಳಾರಿಯಲ್ಲಿ ಮಫ್ಲರ್ ಯಾಕೆ ಎಂದು ನಗಬೇಡಿ. ಐವತ್ತು ದಾಟಿದ ಕಿವಿಗೆ ಯಾವ ಊರಿನ ಚಳಿಯೂ ಚಳಿಯೇ. ಮಫ್ಲರ್ ಸಿಗಲಿಲ್ಲ. ಚೀಲವನ್ನು ತೊಡೆಯ ಮೇಲೆ ಹರವಿಕೊಂಡು ಕೂತುಬಿಟ್ಟೆ. ನಾಲ್ಕು ಜೇಬುಗಳಲ್ಲಿ ಒಂದೊಂದು ಸಿಡಿ, ಐದನೆಯದು ಖಾಲಿ. ಒಲೆಯ ಮೇಲಿಟ್ಟ ಹಾಲು ಉಕ್ಕಿದ್ದು ವಾಸನೆ ಬಂದ ಮೇಲೆ ಗೊತ್ತಾಯಿತು.

ಅವು ಹಿಪ್ ಹಾಪ್ ಸಿಡಿಗಳು ಎಂದರೆ ನೀವು ನಂಬಲಿಕ್ಕಿಲ್ಲ. ನನ್ನನ್ನು ಕಂಡವರಂತೂ ನಂಬುವುದೇ ಇಲ್ಲ. ಮೂಗಿನ ತುದಿಗೆ ಕನ್ನಡಕ, ಕೊರಳಲ್ಲಿ ಟೇಪು, ಅಂಗಿಯ ಜೇಬಿನಲ್ಲಿ ಸದಾ ಚಾಕ್‌ಪೀಸಿನ ಪುಡಿ. ನಾನು ಜೀನ್ಸ್ ಕತ್ತರಿಸುವ ಕಟಿಂಗ್ ಮಾಸ್ಟರ್. ದಾರದ ಕಂಪನಿಯವರು ಪುಕ್ಕಟೆ ಕೊಡುವ ಡೈರಿಯಲ್ಲಿ ದಿನಾ ಬರೆಯುವ ಚಟವೊಂದಿದೆ. ಬರೆಯುವುದಾದರೂ ಏನು? 'ಬೆಳಿಗ್ಗೆ ಮಂಡಾಳು ಒಗ್ಗರಣೆ, ಮಿರ್ಚಿ ಎರಡು. ಕರೆಂಟು ಎರಡು ಸಲ ಹೋಯಿತು. ಎಡಗಾಲ ಚಪ್ಪಲಿ ಹೊಲಿಸಿದೆ.' ಮುಂದೆ ಯಾರಾದರೂ ಓದಿದರೆ ಬಳ್ಳಾರಿಯಲ್ಲಿ ಎಷ್ಟು ಮಿರ್ಚಿ ತಿನ್ನುತ್ತಿದ್ದರು ಎಂಬ ವಿಷಯವಾದರೂ ತಿಳಿದೀತು.

ಇಂಥವನ ಕೈಗೆ ಹಿಪ್ ಹಾಪ್ ಬಂದದ್ದು ಕಿವಿಯ ದಾರಿಯಿಂದಲ್ಲ, ಪ್ಯಾಂಟಿನ ದಾರಿಯಿಂದ.

ಅದು ನಮ್ಮ ಕಡೆಯ ಬೆಟ್ಟಗಳು ಲಾರಿ ಹತ್ತಿ ಬಂದರಿಗೆ ಹೋಗುತ್ತಿದ್ದ ಕಾಲ. ಊರಿನ ಎಲೆ, ಗೋಡೆ, ಒಣಹಾಕಿದ ಪಂಚೆ, ಎಲ್ಲದರ ಮೇಲೂ ಅದಿರಿನ ಕೆಂಪು ದೂಳು. ನಿನ್ನೆಯವರೆಗೆ ಸೈಕಲ್ಲಿನಲ್ಲಿ ಕಂಡವರು ಇವತ್ತು ದೊಡ್ಡ ಕಾರಿನಲ್ಲಿ ಕಾಣುತ್ತಿದ್ದರು. ಕಾರು ಬಂದ ಮೇಲೆ ಕಾರಿಗೆ ತಕ್ಕ ಪ್ಯಾಂಟೂ ಬೇಕಾಗುತ್ತದೆ ಎಂದು ನಮ್ಮ ಸೇಠರಿಗೆ ಹೊಳೆಯಿತು. ಅವರು ಮುಂಬೈಯಿಂದ ಒಂದು ರಟ್ಟಿನ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟರು. ಒಳಗೆ ಇಪ್ಪತ್ತೊಂದು ಸಿಡಿ. ಕೇಳುವುದಕ್ಕಲ್ಲ, ನೋಡುವುದಕ್ಕೆ. ಹೊದಿಕೆಯ ಮೇಲೆ ನಿಂತ ಹಾಡುಗಾರರು ತೊಟ್ಟಿದ್ದ ದೊಗಳೆ ಪ್ಯಾಂಟುಗಳನ್ನು ಇದ್ದ ಹಾಗೇ ಕತ್ತರಿಸಿ ಕೊಡಬೇಕೆಂದು ಅವರ ಅಪ್ಪಣೆ.

ಕತ್ತರಿಸಿದೆ. ಹಾಡುಗಾರನ ಮುಖ ಒಂಬತ್ತು ಇಂಚು ಎಂದು ಹಿಡಿದು, ಚಿತ್ರದ ಮೇಲೆ ಸ್ಕೇಲಿಟ್ಟು, ಮುಖಕ್ಕಿಷ್ಟಾದರೆ ಮೊಣಕಾಲಿಗೆಷ್ಟು, ಪಾದದ ಬಳಿ ಎಷ್ಟು ಎಂದು ಲೆಕ್ಕ ಹಾಕಿದೆ. ಒಬ್ಬ ಹಾಡುಗಾರ ಕೂತಿದ್ದ. ಅವನನ್ನು ಮನಸ್ಸಿನಲ್ಲೇ ಎಬ್ಬಿಸಿ ನಿಲ್ಲಿಸಿ ಅಳತೆ ತೆಗೆದೆ. ಹೀಗೆ ತಿಂಗಳೊಪ್ಪತ್ತು ಕಷ್ಟಪಟ್ಟು ಕಳಿಸಿದ ಮಾಲು ಅಂಗಡಿಗಳಿಂದ ವಾಪಸ್ಸು ಬಂತು. ತೊಡೆ ಸಂದು ಮೊಣಕಾಲಿನ ಹತ್ತಿರ ಇಳಿದದ್ದನ್ನು ಕಂಡು ಅಂಗಡಿಯವರು ಕಟಿಂಗ್ ತಪ್ಪಿದೆ ಎಂದು ಚೀಟಿ ಅಂಟಿಸಿದ್ದರು. ನನ್ನ ಇಡೀ ಜೀವಮಾನದಲ್ಲಿ ಅಷ್ಟು ಸರಿಯಾಗಿ ಯಾವ ಪ್ಯಾಂಟನ್ನೂ ನಾನು ಕತ್ತರಿಸಿರಲಿಲ್ಲ. ಸೇಠರು ಹಣೆ ಒತ್ತಿಕೊಂಡು, ಡಬ್ಬಿಯನ್ನು ನೀನೇ ಇಟ್ಟುಕೋ ಎಂದರು.

ನಾನು ಒಬ್ಬನೇ ಇರುವವನು. ಮದುವೆಯಾದ ಮೂರನೇ ವರ್ಷಕ್ಕೇ ನಮ್ಮಾಕೆ ತೀರಿಕೊಂಡಳು. ಆಮೇಲೆ ಮನೆಯಲ್ಲಿ ಎರಡನೆಯ ತಟ್ಟೆ ತೊಳೆಯುವ ಪ್ರಸಂಗ ಬರಲಿಲ್ಲ. ಕಾರ್ಖಾನೆಯಲ್ಲಿ ಮಾತಿಗೆ ಮಂದಿ ಇದ್ದರು. ಅವರೂ ಒಬ್ಬೊಬ್ಬರಾಗಿ ಅದಿರಿನ ಕಡೆಗೆ ಹೋದರು. ಲಾರಿ ಓಡಿಸಲು ಕೆಲವರು, ಲಾರಿ ಎಣಿಸಲು ಕೆಲವರು. ಹನ್ನೆರಡು ವರ್ಷ ನನ್ನ ಎದುರು ಮಷಿನ್ನಿನಲ್ಲಿ ಕೂತು ಹೊಲಿದ ವೀರೇಶಿ ಕೂಡ ಅದಿರಿನ ಲಾರಿ ತೂಗುವ ಕಟ್ಟೆಯ ಕೆಲಸಕ್ಕೆ ಹೋದ. ಮೂವತ್ತು ಮಷಿನ್ನು ಹೋಗಿ ಒಂಬತ್ತಾದಾಗ ಸೇಠರು ಉದ್ದನೆಯ ಕಟಿಂಗ್ ಮೇಜನ್ನು ಅದರ ಸಾಮಾನು ಸಮೇತ ಯಾರಿಗೋ ಮಾರಿ, ಸಣ್ಣ ಜಾಗಕ್ಕೆ ಬಂದರು. ಆ ಮೇಜಿನ ಮಾತು ಮುಂದೆ ಬರುತ್ತದೆ, ಮನಸ್ಸಿನಲ್ಲಿರಲಿ.

ಒಂದು ಭಾನುವಾರ ಮಧ್ಯಾಹ್ನ ಮನೆಯಲ್ಲಿ ಸದ್ದೇ ಇಲ್ಲ ಅನ್ನಿಸಿ, ಹಳೆಯ ಸಾಮಾನಿನ ಅಂಗಡಿಯಿಂದ ಹಿಡಿಕೆ ಇರುವ ಒಂದು ಸಿಡಿ ಪ್ಲೇಯರ್ ತಂದೆ. ಪ್ಯಾಂಟಿನ ಅಳತೆಯಿಂದಷ್ಟೇ ಪರಿಚಯವಿದ್ದ ಆ ಜನರ ಪೈಕಿ ಒಬ್ಬನನ್ನು ಅದರೊಳಗೆ ಹಾಕಿದೆ. ಧುಂಯ್ ಎಂದು ಒಂದು ಪೆಟ್ಟು ಬಿತ್ತು. ಮತ್ತೆ ಧುಂಯ್. ಅದರ ಮೇಲೆ ಒಬ್ಬ ಮಾತಾಡತೊಡಗಿದ.

ನನ್ನ ಕೈಯಲ್ಲಿದ್ದ ಚಹಾದ ಲೋಟ ಕೈಯಲ್ಲೇ ಉಳಿಯಿತು. ಅದು ನಮ್ಮಪ್ಪನ ಬಿಲ್ಲು.

ನಾವು ಕುರುಗೋಡಿನ ಪಿಂಜಾರರು. ಹತ್ತಿ ಹಿಂಜಿ ಗಾದಿ ತುಂಬುವುದು ಅಪ್ಪನ ಕಸುಬು. ಆರಡಿ ಉದ್ದದ ಕೋಲು, ಅದರ ಉದ್ದಕ್ಕೂ ಬಿಗಿದ ನರದ ತಂತಿ. ಅದನ್ನು ಹೆಗಲ ಮೇಲೆ ಹೊತ್ತು ಓಣಿಯಲ್ಲಿ ಅಪ್ಪ ಹೊರಟರೆ, ಅಕ್ಕ ಹುಸೇನಮ್ಮ ಮತ್ತು ನಾನು ಹಿಂದೆ. ಯಾರದೋ ಪಡಸಾಲೆಯಲ್ಲಿ ಕೂತು ಮರದ ಗುಂಡಿನಿಂದ ತಂತಿಗೆ ಹೊಡೆದರೆ ಧುಂಯ್ ಎಂದು ಹತ್ತಿ ಎದ್ದು ಹಾರುತ್ತಿತ್ತು. ಹತ್ತಿಯಲ್ಲಿ ಉಳಿದ ಬೀಜ, ಕಸ ಆರಿಸುವುದು ಅಕ್ಕನ ಕೆಲಸ. ಮೂಗಿನಲ್ಲಿ ಹತ್ತಿ ತುಂಬಿಕೊಂಡು ಸೀನುವುದು ನನ್ನ ಕೆಲಸ. ಅಪ್ಪ ಸುಮ್ಮನೆ ಹಿಂಜುತ್ತಿರಲಿಲ್ಲ. ಪೆಟ್ಟು ಪೆಟ್ಟಿಗೂ ಮಾತು ಕೂಡಿಸುತ್ತಿದ್ದ. ಒಮ್ಮೆ ಹತ್ತಿ ಕಡಿಮೆ ಕೊಟ್ಟ ಮನೆಯಲ್ಲಿ, ಯಜಮಾನ ಎದುರಿಗೆ ಕೂತಿರುವಾಗಲೇ ಹೇಳಿದ್ದ:

"ದೊಡ್ಡ ಮನಿ ಗಾದಿ, ಧುಂಯ್, ಮಲಗೋರು ನಾಕು ಮಂದಿ, ಧುಂಯ್, ಹತ್ತಿ ಕೊಟ್ಟಿದ್ದು ಬೊಗಸಿ, ಧುಂಯ್, ನೆಲಾನ ಮೆತ್ತಗೈತಿ, ಧುಂಯ್."

ಯಜಮಾನ ನಕ್ಕು ಇನ್ನೊಂದು ಮೂಟೆ ಬಿಚ್ಚಿದ್ದ. ಬೈದರೂ ಸಿಟ್ಟು ಬಾರದ ಹಾಗೆ ಬೈಯುವ ಶಕ್ತಿ ಆ ಬಿಲ್ಲಿಗಿತ್ತು.

ಈಗ ಮೇಜಿನ ಮಾತು. ಅಪ್ಪ ಹೋಗಿ ಎಷ್ಟೋ ವರ್ಷಗಳ ಮೇಲೆ ಕುರುಗೋಡಿನ ಮನೆ ಖಾಲಿ ಮಾಡಿದಾಗ, ಬಿಲ್ಲನ್ನು ಬಸ್ಸಿನ ಮೇಲೆ ಹಾಕಿ ಬಳ್ಳಾರಿಗೆ ತಂದವನು ನಾನೇ. ತಂದು ಇಡುವುದೆಲ್ಲಿ? ಆಗ ಕಾರ್ಖಾನೆಯಲ್ಲಿ ಜೀನ್ಸ್ ಬಟ್ಟೆಯ ಸುರುಳಿಯನ್ನು ತೂಗುಹಾಕಲು ಒಂದು ಗಟ್ಟಿ ಕೋಲು ಬೇಕಿತ್ತು. ಅಪ್ಪನ ಕೈಯಾಡಿ ಆಡಿ ನುಣುಪಾದ ಕೋಲು, ಬಟ್ಟೆ ಎಲ್ಲೂ ಸಿಕ್ಕಿಕೊಳ್ಳದ ಹಾಗಿತ್ತು. ಎರಡೂ ತುದಿ ಗರಗಸದಿಂದ ಕೊಯ್ದೆ. ಮೇಜಿನ ಅಗಲಕ್ಕೆ ಹೇಳಿ ಮಾಡಿಸಿದಂತೆ ಕೂತಿತು. ಅವತ್ತಿನ ಡೈರಿಯಲ್ಲಿ ಬರೆದಿದ್ದೇನೆ: 'ಕೋಲು ಚೆನ್ನಾಗಿ ತಿರುಗುತ್ತದೆ.' ಅಷ್ಟೇ. ಮೂರು ವರ್ಷ ತಿರುಗಿತು. ಮೇಜಿನ ಜೊತೆಗೆ ಅದೂ ಹೋಯಿತು. ಸಿಡಿ ಕೇಳಿದ ಆ ಭಾನುವಾರದ ಮರುದಿನ ಸೇಠರಲ್ಲಿಗೆ ಓಡಿ ಕೊಂಡವರು ಯಾರೆಂದು ಕೇಳಿದೆ. ಗುಜರಿಯವರು ಎಂದಷ್ಟೇ ಅವರಿಗೆ ನೆನಪಿತ್ತು.

ಅಕ್ಕನನ್ನು ಕೊಟ್ಟದ್ದು ಸಿರುಗುಪ್ಪ ತಾಲ್ಲೂಕಿನ ರಾರಾವಿಗೆ. ಭಾವ ಇರಲಿಲ್ಲ; ಮಕ್ಕಳಿದ್ದರು, ಗದ್ದೆ, ಎಮ್ಮೆ ಇದ್ದವು. ಮನೆ ಖಾಲಿ ಮಾಡಿದ ಸುದ್ದಿ ತಿಳಿದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ, ಬಿಲ್ಲು ಎಲ್ಲಿ ಎಂದು. ನನ್ನ ಹತ್ತಿರ ಭದ್ರವಾಗಿದೆ ಎಂದೆ. ಹಾಗಾದರೆ ಬರುವಾಗ ತಾ, ಒಮ್ಮೆ ಹೊಡೆದು ಕೇಳಬೇಕು ಎಂದಳು. ಆಗ ಅದು ಮೇಜಿನ ಮೇಲೆ ಬಟ್ಟೆ ಸುತ್ತಿಕೊಂಡು ತಿರುಗುತ್ತಿತ್ತು. ಮುಂದಿನ ಸಲ, ಬಸ್ಸಿನಲ್ಲಿ ಗದ್ದಲ ಎಂದೆ. ಅದರ ಮುಂದಿನ ಸಲ, ತಂತಿ ಹಾಕಿಸಬೇಕು ಎಂದೆ. ಆಮೇಲೆ ಹೇಳಲು ನೆಪ ಉಳಿಯದೆ, ಹೋಗುವುದನ್ನೇ ಬಿಟ್ಟೆ. ಎರಡು ವರ್ಷ ಒಡಹುಟ್ಟಿದವಳ ಮನೆಯ ಹೊಸ್ತಿಲು ತುಳಿಯಲಿಲ್ಲ. ನನಗಿದ್ದದ್ದು ಆಕೆಯೊಬ್ಬಳು.

ಬಿಲ್ಲಂತೂ ಇಲ್ಲ, ಅದರ ಸದ್ದನ್ನಾದರೂ ಒಯ್ಯೋಣ ಎನ್ನಿಸಿತು. ಆದರೆ ಯಾವುದನ್ನು? ಹುಟ್ಟಿದಾಗಿನಿಂದ ಹಿಪ್ ಹಾಪ್ ಎಂಬ ಹೆಸರನ್ನೇ ಕೇಳದ ಒಬ್ಬಾಕೆಗೆ ಅದನ್ನು ಮೊದಲ ಸಲ ಕೇಳಿಸುವಾಗ ಇಪ್ಪತ್ತೊಂದರಲ್ಲಿ ಯಾವುದನ್ನು ಮುಂದಿಡಬೇಕು? ನಗಬೇಡಿ, ಹೆಣ್ಣು ನೋಡುವಷ್ಟೇ ಕಷ್ಟದ ಕೆಲಸ. ಎರಡು ತಿಂಗಳು ಹಿಡಿಯಿತು. ಡೈರಿಯಲ್ಲಿ ಮಿರ್ಚಿಯ ಲೆಕ್ಕದ ಪಕ್ಕದಲ್ಲಿ ಸಿಡಿಗಳ ವಿಚಾರ ಬರತೊಡಗಿತು. ಅವುಗಳ ಹೆಸರು ಓದಲು ನನಗೆ ಬರುತ್ತಿರಲಿಲ್ಲ, ಅಕ್ಷರಗಳನ್ನು ಗೋಡೆಗೆ ಎರಚಿದ ಹಾಗೆ ಬರೆದಿದ್ದರು. ಹಾಗಾಗಿ ಪ್ಯಾಂಟಿನ ಹೆಸರಿನಿಂದಲೇ ಕರೆಯುತ್ತಿದ್ದೆ. 'ಸಡಿಲ ಮೊಣಕಾಲು: ಎರಡನೇ ಹಾಡು ಚೆನ್ನ.' 'ಆರು ಜೇಬಿನವನು: ಬರೀ ಜಂಬ.'

ಪದಗಳ ಅರ್ಥ ತಿಳಿದರೆ ಆರಿಸಲು ಅನುಕೂಲವೆಂದು, ಕೆಳಗಿನ ಮನೆಯಲ್ಲಿದ್ದ ಇಂಗ್ಲಿಷ್ ಮೇಷ್ಟರಿಗೆ ಒಂದು ಸಿಡಿಯ ಪುಸ್ತಿಕೆ ಕೊಟ್ಟೆ. ಅವರು ಕನ್ನಡಕ ಏರಿಸಿ ನಾಲ್ಕು ಸಾಲು ಓದಿದರು. ಪುಸ್ತಿಕೆ ಮುಚ್ಚಿದರು. ಒಳಗೆ ಹೆಂಡತಿ ಇದ್ದಾಳೋ ಎಂದು ತಿರುಗಿ ನೋಡಿದರು.

"ಮಾಸ್ಟ್ರೇ, ನೀವು ಪ್ಯಾಂಟು ನೋಡ್ಕಂತ ಕೇಳ್ರಿ. ಅದ ಚಲೋ ಐತಿ," ಎಂದರು.

ನಾಲ್ಕು ದಿನ ಮೆಟ್ಟಿಲಲ್ಲಿ ಎದುರಾದಾಗ ಮುಖ ತಿರುಗಿಸಿಕೊಂಡು ಹೋದರು.

ಐದು ಎಂದು ಹೇಗೆ ನಿರ್ಧರಿಸಿದೆ ಎಂದರೆ, ಜೀನ್ಸ್ ಪ್ಯಾಂಟಿಗೆ ಐದು ಜೇಬು. ಮುಂದೆ ಎರಡು, ಹಿಂದೆ ಎರಡು, ಮತ್ತೆ ಬಲಗಡೆಯ ಜೇಬಿನೊಳಗೆ ಅಡಗಿ ಕೂತ ಪುಟ್ಟದೊಂದು. ಆ ಐದನೆಯದರಲ್ಲಿ ಯಾರೂ ಏನೂ ಇಡುವುದಿಲ್ಲ, ಬೆರಳೂ ಸರಿಯಾಗಿ ಹೋಗುವುದಿಲ್ಲ. ಆದರೆ ಅದಿಲ್ಲದೆ ಹೊಲಿದರೆ ನೋಡಿದವರು ಇದೇನೋ ಕಡಿಮೆಯಾಗಿದೆ ಎನ್ನುತ್ತಾರೆ. ಒಂದು ಪ್ಯಾಂಟು ಪೂರ್ತಿಯಾಗಲು ಐದು ಜೇಬು ಸಾಕಾದರೆ ಹಿಪ್ ಹಾಪ್ ಪೂರ್ತಿಯಾಗಲು ಐದು ಸಿಡಿ ಸಾಕು. ಕತ್ತರಿಸಿ ಉಳಿದ ಬಟ್ಟೆಯ ತುಂಡುಗಳಲ್ಲಿ ಈ ಚೀಲ ಹೊಲಿದೆ.

ಕೈಯಲ್ಲಿ ಪಿಸ್ತೂಲು ಹಿಡಿದು ನಿಂತವನನ್ನು ಮೊದಲೇ ತೆಗೆದಿಟ್ಟೆ, ಅಕ್ಕ ಹೆದರುತ್ತಾಳೆ. ಹೊದಿಕೆಯ ಮೇಲೆ ಅರೆಬಟ್ಟೆಯ ಹೆಂಗಸರಿದ್ದ ಮೂರನ್ನು ಅಕ್ಕನ ಮನೆಗೆ ಒಯ್ಯುವಂತಿರಲಿಲ್ಲ. ಒಂದರಲ್ಲಿ ಒಂಬತ್ತು ಜನ ಸೇರಿ ಹಾಡಿದ್ದರು. ಪರಿಚಯವಿಲ್ಲದವರಿಗೆ ಯಾರು ಯಾರಿಗೆ ಬೈದರು ಎಂದೇ ತಿಳಿಯಲಿಕ್ಕಿಲ್ಲ. ಕೊನೆಗೆ ಆರಿಸಿದ್ದರಲ್ಲಿ ಗೋಡೆಗೆ ಒರಗಿ ನಿಂತ ಮೂವರದು ಮೊದಲನೆಯದು. ಅದರಲ್ಲಿ ಪೆಟ್ಟು ಮತ್ತು ಮಾತು ಬಿಟ್ಟರೆ ಬೇರೇನಿಲ್ಲ, ಅಕ್ಷರಾಭ್ಯಾಸಕ್ಕೆ ಅದೇ ಸರಿ. ಕೊರಳ ತುಂಬ ಚಿನ್ನದ ಸರಪಳಿಯವನದು ಎರಡನೆಯದು. ಆಗಿನ ಬಳ್ಳಾರಿಯಲ್ಲಿ ಅಂಥವರು ದಿನಾ ಕಾಣುತ್ತಿದ್ದುದರಿಂದ ಅಕ್ಕನಿಗೆ ಅಪರಿಚಿತ ಎನ್ನಿಸಲಾರ. ಹೆಣ್ಣುಮಗಳೊಬ್ಬಳದು ಮೂರನೆಯದು. ಕಹಳೆ, ಪಿಯಾನೊ ಎಲ್ಲ ತುಂಬಿ ಮದುವೆ ಮನೆಯ ಹಾಗಿದ್ದದ್ದು ನಾಲ್ಕನೆಯದು. ಬರೀ ಪೆಟ್ಟಿಗೆ ಅಂಜುವವರಿಗೆ ಅದು ಬೆಲ್ಲ.

ಐದನೆಯದಕ್ಕೆ ಏನೂ ಉಳಿದಿರಲಿಲ್ಲ. ಚೌಕುಳಿ ಅಂಗಿ ತೊಟ್ಟು ಮೆಟ್ಟಿಲ ಮೇಲೆ ಕೂತಿದ್ದನಲ್ಲ, ನಾನು ಮನಸ್ಸಿನಲ್ಲೇ ಎಬ್ಬಿಸಿ ಅಳತೆ ತೆಗೆದವನು, ಅವನನ್ನು ಹಾಕಿದೆ. ಅವನ ಪೆಟ್ಟು ನಿಧಾನ. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಅವನು ಏನೋ ಮರೆತು ನೆನಪಿಸಿಕೊಂಡಂತೆ ಅಂತರ. ಪಕ್ಕದಲ್ಲಿ ಯಾರೂ ಇಲ್ಲದಾಗ ಮಾತಾಡುವಂತೆ ಮಾತಾಡುತ್ತಿದ್ದ. ಅದು ನನಗೇನೋ ಸೇರುತ್ತಿತ್ತು. ಬೇರೆಯವರಿಗೆ ಸೇರಲಾರದು ಎಂದೇ ಐದನೆಯ ಜೇಬಿಗೆ ಹಾಕಿದ್ದು.

ಒಂದು ಶುಕ್ರವಾರ ರಜೆ ಹಾಕಿ ಸಿರುಗುಪ್ಪದ ಬಸ್ಸು ಹತ್ತಿದೆ. ತೊಡೆಯ ಮೇಲೆ ಪ್ಲೇಯರ್, ಅದರ ಹೊಟ್ಟೆಯಲ್ಲಿ ದಪ್ಪ ಸೆಲ್ಲು ಆರು. ಕುರುಗೋಡಿಗೆ ತಿರುಗುವ ರಸ್ತೆ ಬಂದಾಗ ಆ ಕಡೆ ನೋಡಲಿಲ್ಲ. ಸಿರುಗುಪ್ಪ ಹತ್ತಿರಾದಂತೆ ಕೆಂಪು ದೂಳು ತೀರಿ, ಕಾಲುವೆ, ಭತ್ತದ ಹಸಿರು ಬಂತು. ಅಲ್ಲಿಂದ ಬಸ್ಸು ಬದಲಿಸಿ ರಾರಾವಿಯಲ್ಲಿ ಇಳಿದೆ.

ಅಕ್ಕ ಕಟ್ಟೆಯ ಮೇಲೆ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಎರಡು ವರ್ಷದಲ್ಲಿ ಸಣ್ಣಗಾಗಿದ್ದಳು. ನನ್ನ ಮುಖ ನೋಡುವ ಮೊದಲು ಕೈ ನೋಡಿದಳು.

"ಬಿಲ್ಲು ತಂದಿಯೇನು?"

"ಇಲ್ಲಕ್ಕ. ಬ್ಯಾರೆ ಒಂದು ತಂದೀನಿ. ಕೇಳು."

"ಈ ಡಬ್ಬಿ ಕೇಳಾಕ ನಮ್ಮನಿಯಾಗ ಟೀವಿ ಇಲ್ಲೇನಲೇ?" ಎಂದಳು. ಆದರೂ ಮೊರ ಸ್ವಲ್ಪ ಆಚೆ ಸರಿಸಿ ನನಗೆ ಜಾಗ ಬಿಟ್ಟಳು.

ಬಿಲ್ಲಿನ ಸದ್ದು ಅಂತ ನಾನು ಹೇಳಲಿಲ್ಲ. ಹೇಳಿಸಿಕೊಂಡು ಕೇಳಿದರೆ ಕೇಳಿದಂತಲ್ಲ. ಮೊದಲ ಜೇಬಿನದನ್ನು ಹಾಕಿ ಸುಮ್ಮನೆ ಕೂತೆ. ಅಕ್ಕ ಅಕ್ಕಿ ಆರಿಸುತ್ತಲೇ ಇದ್ದಳು. ಒಂದು ಹಾಡು ಮುಗಿಯಿತು. ಇದಕ್ಕಾಗಿ ಎರಡು ತಿಂಗಳು ಕೂತೆನಲ್ಲ ಎಂದು ನನ್ನ ಮೇಲೆ ನನಗೇ ನಗು ಬರುವ ಹೊತ್ತಿಗೆ, ತಲೆ ಎತ್ತದೆ ಹೇಳಿದಳು:

"ತಂತಿ ಬಾಳ ಬಿಗಿ ಆಗೈತಿ. ಹಿಂಗ ಹೊಡದ್ರ ಹತ್ತಿ ತುಂಡಾಗ್ತೈತಿ."

ಅಲ್ಲಿಯವರೆಗೆ ಆ ಪೆಟ್ಟಿನಲ್ಲಿ ಅಪ್ಪನನ್ನು ಕೇಳುವವನು ಲೋಕದಲ್ಲಿ ನಾನೊಬ್ಬನೇ ಎಂದುಕೊಂಡಿದ್ದೆ. ಎರಡನೆಯದನ್ನು ಹಾಕಿದೆ. ಸರಪಳಿಯವನು ಅಬ್ಬರಿಸಿದ. ಕಟ್ಟೆ ಅದುರಿತು, ಮೊರದಲ್ಲಿದ್ದ ಅಕ್ಕಿ ತಾನೇ ಸರಿದಾಡಿತು.

"ಇವ ಹಿಂಜಾಕ ಬಂದಾವಲ್ಲ. ಗುಂಡು ತೋರ್ಸಾಕ ಬಂದಾನ," ಎಂದಳು ಅಕ್ಕ.

ಹೆಣ್ಣುಮಗಳ ದನಿ ಚೆನ್ನಾಗಿದೆ, ಆದರೆ ಗುಂಡು ಬೇರೆ ಯಾರದೋ ಕೈಯಲ್ಲಿದೆ ಎಂದಳು. ಮದುವೆ ಮನೆಯಂಥದನ್ನು ಅರ್ಧಕ್ಕೇ ನಿಲ್ಲಿಸಲು ಹೇಳಿ, ಇಷ್ಟು ಮಂದಿ ಸೇರಿದರೆ ಗಾದಿ ತುಂಬುವವರು ಯಾರು ಎಂದು ಕೇಳಿದಳು. ಎರಡು ತಿಂಗಳ ನನ್ನ ಆಯ್ಕೆ ಅರ್ಧ ತಾಸಿನಲ್ಲಿ, ಅಂಗಡಿಯವರು ವಾಪಸ್ಸು ಕಳಿಸಿದ ಮಾಲಿನ ಹಾಗೆ, ಒಂದೊಂದಾಗಿ ಚೀಲಕ್ಕೆ ಮರಳಿತು.

ಐದನೆಯದನ್ನು ಹಾಕುವುದೋ ಬೇಡವೋ ಎಂದು ಕೈಯಲ್ಲೇ ಹಿಡಿದಿದ್ದೆ. ಆಕೆಯೇ ಹಾಕು ಎಂದು ಕಣ್ಣಿನಲ್ಲಿ ಹೇಳಿದಳು.

ಚೌಕುಳಿ ಅಂಗಿಯವನ ಪೆಟ್ಟು ಬಿತ್ತು. ಅಂತರ. ಇನ್ನೊಂದು ಪೆಟ್ಟು. ಅಕ್ಕನ ಕೈ ಮೊರದ ಮೇಲೆ ನಿಂತಿತು. ಆಮೇಲೆ ನಾನು ನೋಡುತ್ತಿದ್ದ ಹಾಗೆಯೇ ಆಕೆಯ ಬೆರಳು ಮತ್ತೆ ಆಡತೊಡಗಿದವು, ಆದರೆ ಅಕ್ಕಿಯಲ್ಲಲ್ಲ. ಮೊರದಿಂದ ಒಂದು ಗೇಣು ಮೇಲೆ, ಗಾಳಿಯಲ್ಲಿ. ಪೆಟ್ಟು ಬಿದ್ದಾಗ ಕೈ ಹಿಂದೆ, ಅಂತರದಲ್ಲಿ ಕೈ ಮುಂದೆ. ತಂತಿ ಮೇಲೆದ್ದಿರುವ ಆ ಒಂದು ಕ್ಷಣದಲ್ಲೇ ಕೈ ಹಾಕಿ ಬೀಜ ಹೆಕ್ಕಬೇಕು, ತಡವಾದರೆ ಬೆರಳಿಗೆ ಪೆಟ್ಟು. ಆ ಅಂತರವನ್ನು ಅಪ್ಪ ಬಿಡುತ್ತಿದ್ದದ್ದು ಅಕ್ಕನ ಬೆರಳಿಗಾಗಿ ಎಂದು ನನಗೆ ಹೊಳೆದದ್ದು ಆಗ. ಸೀನುತ್ತ ಕೂತವನಿಗೆ ಅದು ಹೇಗೆ ತಿಳಿಯಬೇಕು.

ಹಾಡು ನಡೆಯುತ್ತಿರುವಾಗಲೇ ನನ್ನ ಬಾಯಿಂದ ಮಾತು ಬಂತು.

"ಅಕ್ಕಾ, ಬಿಲ್ಲು ಇಲ್ಲ. ನಾನ ಕೊಯ್ದೆ."

ಬೆರಳು ನಿಂತವು.

"ಯಾತಕ್ಕ ಕೊಯ್ದಿ?"

"ಬಟ್ಟಿ ಸುತ್ತಾಕ."

"ಈಗೆಲ್ಲೈತಿ?"

"ಗುಜರಿಗಿ ಹೋತು."

ಅಕ್ಕ ಮೊರವನ್ನು ಎತ್ತಿ ಪಕ್ಕಕ್ಕಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳೋ, ಅಕ್ಕಿಯ ದೂಳು ಒರೆಸಿಕೊಂಡಳೋ. ಅಷ್ಟರಲ್ಲಿ ಹಾಡು ಮುಗಿದಿತ್ತು.

"ಇನ್ನೊಮ್ಮಿ ಹಾಕು," ಎಂದಳು.

ಹಾಕಿದೆ. ಎಷ್ಟು ಸಲ ಹಾಕಿದೆನೋ, ಅದೊಂದನ್ನು ಡೈರಿಯಲ್ಲಿ ಬರೆದಿಲ್ಲ. ರೊಟ್ಟಿ, ಗುರೆಳ್ಳು ಚಟ್ನಿ ಕೊಟ್ಟಳು. ಹೊರಡುವಾಗ ಪ್ಲೇಯರಿಗೆ ಕೈ ಹಾಕಿದೆ. ಅಕ್ಕ ಅದರ ಹಿಡಿಕೆಯ ಮೇಲೆ ತನ್ನ ಕೈ ಇಟ್ಟಳು.

"ಇದು ಇಲ್ಲೇ ಇರಲಿ."

ಬಾಗಿಲವರೆಗೆ ಕಳಿಸಲು ಬರಲಿಲ್ಲ. ಓಣಿ ತಿರುಗುವವರೆಗೆ ಪೆಟ್ಟು ಕೇಳಿಸುತ್ತಿತ್ತು.

ಹೀಗೆ ನಾಲ್ಕು ಸಿಡಿ ಹಿಡಿದುಕೊಂಡು, ಹಾಕಲು ಯಂತ್ರವಿಲ್ಲದೆ ಮನೆಗೆ ಬಂದೆ. ಇನ್ನೊಂದು ಪ್ಲೇಯರ್ ತರಬಹುದಿತ್ತು. ತರಲಿಲ್ಲ. ಅದಾದ ಮುಂದಿನ ಶುಕ್ರವಾರ, ನಮಾಜು ಮುಗಿಸಿ ಊಟಕ್ಕೆ ಕೂತಾಗ ಮೊಬೈಲು ಹೊಡೆದುಕೊಂಡಿತು. ರಾರಾವಿಯ ನಂಬರು. ಅಕ್ಕಾ ಎಂದೆ. ಏನೋ ಸರಿಸಿದ ಸದ್ದು, ಆಮೇಲೆ ಧುಂಯ್. ಫೋನನ್ನು ಪ್ಲೇಯರಿನ ಮುಂದೆ ಇಟ್ಟಿದ್ದಾಳೆ. ಒಂದು ಹಾಡು ಮುಗಿಯುವವರೆಗೆ ನಾನು ತುತ್ತು ಎತ್ತಲಿಲ್ಲ. ಮುಗಿದ ಕೂಡಲೇ ಫೋನು ಕಟ್ಟಾಯಿತು. ಆಮೇಲೆ ಪ್ರತಿ ಶುಕ್ರವಾರ ಹೀಗೇ. ಹೇಗಿದ್ದೀ ಎಂದು ಆಕೆ ಕೇಳಲಿಲ್ಲ, ನಾನೂ ಕೇಳಲಿಲ್ಲ. ಬಿಲ್ಲಿನ ಮಾತು ಒಮ್ಮೆಯೂ ಬರಲಿಲ್ಲ. ಕ್ಷಮಿಸಿದಳೋ ಇಲ್ಲವೋ, ಆ ಸದ್ದಿನಿಂದ ಏನು ತಿಳಿಯಬೇಕೋ ಅಷ್ಟೇ ನನಗೆ ತಿಳಿದದ್ದು.

ಅದಿರಿನ ಲಾರಿಗಳು ನಿಂತು, ರಸ್ತೆಯ ಬದಿಯ ಬೇವಿನ ಮರಗಳು ಮತ್ತೆ ಹಸಿರಾದ ವರ್ಷ ಅಕ್ಕ ಹೋದಳು. ಮಣ್ಣು ಕೊಟ್ಟು ಬಂದ ಮೇಲೆ ಆಕೆಯ ಮಗ ಗೋಡೆಯ ಗೂಡಿನಿಂದ ಪ್ಲೇಯರ್ ಇಳಿಸಿ, ಮಾಮಾ, ನಿಮ್ಮದು ಎಂದು ಮುಂದಿಟ್ಟ. ಮುಚ್ಚಳ ಎತ್ತಿದೆ. ಹೊದಿಕೆ ಎಲ್ಲೋ ಕಳೆದಿತ್ತು, ಸಿಡಿ ಮಾತ್ರ ಒಳಗೇ ಇತ್ತು, ಮೇಲೆ ಭತ್ತದ ಹೊಟ್ಟಿನ ಸಣ್ಣ ದೂಳು. ಬೆರಳಿನಿಂದ ಒರೆಸಿದ್ದರೆ ಹೆಸರು ಕಾಣುತ್ತಿತ್ತು. ಕೆಳಗಿನ ಮನೆಯ ಮೇಷ್ಟರು ಓದಿ ಹೇಳುತ್ತಿದ್ದರು. ಈಗಿನ ಕಾಲದಲ್ಲಿ ಹೆಸರೊಂದಿದ್ದರೆ ಫೋನಿನಲ್ಲೇ ಸಿಗುತ್ತದೆಯಂತೆ.

ಒರೆಸಲಿಲ್ಲ. ಇದು ಇಲ್ಲೇ ಇರಲಿ ಎಂದು ಅಕ್ಕ ಹೇಳಿದ್ದಳು. ಮುಚ್ಚಳ ಮುಚ್ಚಿ ಮತ್ತೆ ಅಲ್ಲೇ ಇಡಿಸಿದೆ.

ಆದ್ದರಿಂದ, ಹೊಸಬರು ಹಿಪ್ ಹಾಪ್ ಕೇಳಬೇಕೆಂದರೆ ಯಾವುದರಿಂದ ಶುರು ಮಾಡಬೇಕು ಎಂದು ನೀವು ಕೇಳಿದರೆ, ನನಗೆ ಖಂಡಿತವಾಗಿ ಗೊತ್ತು. ಹೇಳಲು ಮಾತ್ರ ಬರುವುದಿಲ್ಲ. ಚೌಕುಳಿ ಅಂಗಿ, ಮೆಟ್ಟಿಲ ಮೇಲೆ ಕೂತವನು. ಸೊಂಟ ಮೂವತ್ತಾರು, ಮೊಣಕಾಲು ಹನ್ನೆರಡೂವರೆ, ಬಾಟಮ್ ಹನ್ನೊಂದು. ಬೇಕಾದರೆ ಅವನ ಪ್ಯಾಂಟನ್ನು ಕಣ್ಣು ಮುಚ್ಚಿ ಕತ್ತರಿಸಿ ಕೊಟ್ಟೇನು.

ಇವತ್ತು ಶುಕ್ರವಾರ. ಹಾಲಿನ ಪಾತ್ರೆ ತಿಕ್ಕಿಟ್ಟು, ಊಟಕ್ಕೆ ಕೂತೆ. ಮೊಬೈಲನ್ನು ತಟ್ಟೆಯ ಪಕ್ಕದಲ್ಲಿ ಇಟ್ಟುಕೊಂಡೆ. ಅದು ಹಳೆಯ ಅಭ್ಯಾಸ.